ವೃಕ್ಷಕಾಂಡದ ಸ್ಥೂಲೀಭಾವವೂ ‘ಸಾರ’ ಶಬ್ದದ ವಿಚಾರವೂ

ಕಾವ್ಯಪಾಠದಲ್ಲಿ ‘ಕೆಚ್ಚೆದೆ’ ಎಂಬ ಪದವು ಬಂದಾಗ, ಕೆಚ್ಚು ಎಂದರೆ ಮರದ ಒಡಲಿನ ಗಟ್ಟಿಯಾದ ಭಾಗ, ಅದೇ ಮರದ ಸಾರ, ಅದೇ ಮರದ ಜೀವ ಎಂದು ಅರ್ಥ ಹೇಳುವುದುಂಟು. ನಾನೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆನು. ಈ ವಿವರಣೆಯಲ್ಲಿ ಮೊದಲಿನ ಎರಡು ಮಾತುಗಳು ಸರಿಯಾಗಿವೆ, ಮೂರನೆಯದು ತಪ್ಪು. ಒಡಲೆಲ್ಲ ಪೊಟರೆಯಾಗಿ, ಮನುಷ್ಯನು ಒಳಗೆ ನಿಲ್ಲುವಷ್ಟು ಟೊಳ್ಳಾದ ಹಳೆಯ ಹುಣಸೆಯ ಮರವು ವರ್ಷವರ್ಷವೂ ಚಿಗುರಿ ಕಾಯಿ ಬಿಡುವುದನ್ನು ಎಲ್ಲರೂ ನೋಡಿದ್ದಾರೆ. ಅಲ್ಲಿ ಕೆಚ್ಚು ಇಲ್ಲ, ಜೀವವಿದೆ. ಕೆಚ್ಚು ಸ್ವಲ್ಪವೂ ಕೆಡದಿರುವ ಬಲಿಷ್ಠವಾದ ಮರದ ಬುಡದಲ್ಲಿ ಮಾತ್ರ ಒಂದು ಗೇಣಗಲ ತೊಗಟೆಯನ್ನು ಮರ ಕಾಣುವವರೆಗೆ ಸುತ್ತಲೂ ಬಳೆಯಂತೆ ಸುಲಿದು ತೆಗೆದರೆ, ಸಾಮಾನ್ಯವಾಗಿ ಆ ಮರವು ಸಾಯುತ್ತದೆ. ಅಲ್ಲಿ ಕೆಚ್ಚು ಇದೆ, ಜೀವವು ನಿಲ್ಲುವುದಿಲ್ಲ. ಅನ್ವಯವ್ಯತಿರೇಕಗಳೆರಡೂ ತಪ್ಪಿದ ಮೇಲೆ ಕೆಚ್ಚನ್ನು ಜೀವಕ್ಕೆ ಕಾರಣವೆಂದು ಹೇಳುವುದು ಹೇಗೆ? ಹಾಗಾದರೆ ಮರದ ಜೀವವು ಎಲ್ಲಿದೆ, ಕಾಂಡವು ದಪ್ಪವಾಗುವ ಬಗೆ ಯಾವುದು, ನಮ್ಮ ಕೋಶಗಳ ಪದಗಳು ಇದರಲ್ಲಿ ಎಷ್ಟನ್ನು ಹಿಡಿದಿವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಮೊದಲು ಪದಗಳನ್ನು ನೋಡೋಣ. ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯದ ಕೊನೆಯಲ್ಲಿ ಯಾಜ್ಞವಲ್ಕ್ಯನು ಪುರುಷನನ್ನೂ ವನಸ್ಪತಿಯನ್ನೂ ಅಂಗಾಂಗವಾಗಿ ಹೋಲಿಸುತ್ತಾನೆ. ರೋಮಗಳಿಗೆ ಎಲೆಗಳು, ಚರ್ಮಕ್ಕೆ ಹೊರತೊಗಟೆ, ರಕ್ತಕ್ಕೆ ತೊಗಟೆಯಿಂದ ಒಸರುವ ರಸ, ಮಾಂಸಕ್ಕೆ ‘ಶಕರ’, ನರಗಳಿಗೆ ‘ಕಿನಾಟ’, ಅಸ್ಥಿಗೆ ಒಳಗಿನ ದಾರು, ಮಜ್ಜೆಗೆ ಮಜ್ಜೆ ಎಂಬುದು ಆ ಹೋಲಿಕೆಯ ಕ್ರಮ. ಕಿನಾಟವೆಂದರೆ ಶಕಲಗಳಿಗಿಂತ ಒಳಗೆ, ಮರಕ್ಕೆ ಅಂಟಿಕೊಂಡಿರುವ ವಲ್ಕರೂಪದ ಭಾಗವೆಂದು ಶಂಕರಾಚಾರ್ಯರು ವಿವರಿಸಿದ್ದಾರೆ. ಇಲ್ಲಿ ದಾರುವೂ ಮಜ್ಜೆಯೂ ಬೇರೆ ಬೇರೆ. ಅಮರಸಿಂಹನಾದರೋ ವನೌಷಧಿವರ್ಗದಲ್ಲಿ ಸಾರ, ಮಜ್ಜಾ ಎಂಬೆರಡನ್ನು ಒಟ್ಟಿಗೆ ಪರ್ಯಾಯಗಳಾಗಿ ಹೇಳಿ, ತ್ವಕ್, ವಲ್ಕ, ವಲ್ಕಲ ಎಂಬುವನ್ನು ತೊಗಟೆಗೆ ಹೇಳುತ್ತಾನೆ. ಕನ್ನಡದಲ್ಲಿ ಈ ವಿವೇಕವು ಇನ್ನೂ ಸ್ಪಷ್ಟವಾಗಿದೆ: ನಟ್ಟನಡುವಿನ ಮೆತ್ತನೆಯ ಭಾಗವು ತಿರುಳು, ಅದರ ಸುತ್ತಲಿನ ಗಟ್ಟಿಯಾದ ಭಾಗವು ಕೆಚ್ಚು ಅಥವಾ ಚೇಗು, ತೊಗಟೆಯ ಒಳಮೈಯಲ್ಲಿ ಎಳೆಎಳೆಯಾಗಿ ಬಿಡಿಸಬಹುದಾದುದು ನಾರು. ಇಷ್ಟು ಪದಗಳಿದ್ದರೂ ಇವೆಲ್ಲವನ್ನೂ ಹುಟ್ಟಿಸುವ ಭಾಗಕ್ಕೆ ಒಂದು ಹೆಸರಿಲ್ಲ. ಕಣ್ಣಿಗೆ ಬೇರೆಯಾಗಿ ಕಾಣದ ವಸ್ತುವಿಗೆ ಲೋಕವು ಹೆಸರಿಡದಿರುವುದು ಸಹಜವೇ.

ಇನ್ನು ವಸ್ತುವಿಚಾರ. ಗಿಡದ ಬೆಳವಣಿಗೆ ಎರಡು ಬಗೆ. ಉದ್ದಕ್ಕೆ ಬೆಳೆಯುವುದು ಕುಡಿಯಲ್ಲಿ ಮತ್ತು ಬೇರಿನ ತುದಿಯಲ್ಲಿ. ದಪ್ಪಕ್ಕೆ ಬೆಳೆಯುವುದು ಕಾಂಡದ ಮತ್ತು ಬೇರಿನ ಉದ್ದಕ್ಕೂ, ಅವುಗಳ ಪಾರ್ಶ್ವದಲ್ಲಿ. ಇವೆರಡಕ್ಕೂ ಕಾರಣಗಳು ಬೇರೆ. ಹುಡುಗನೊಬ್ಬನು ತನ್ನ ಎದೆಯೆತ್ತರದಲ್ಲಿ ಮಾವಿನ ಮರದ ಮೇಲೆ ಹೆಸರನ್ನು ಕೆತ್ತಿ, ಮುಪ್ಪಿನಲ್ಲಿ ಬಂದು ನೋಡಿದರೆ ಆ ಹೆಸರು ಅದೇ ಎತ್ತರದಲ್ಲಿಯೇ ಇರುತ್ತದೆ. ಅಕ್ಷರಗಳು ಮಾತ್ರ ಅಡ್ಡಲಾಗಿ ಹಿಗ್ಗಿರುತ್ತವೆ. ಒಮ್ಮೆ ಉದ್ದವಾಗಿ ಮುಗಿದ ಕಾಂಡವು ಮತ್ತೆ ಉದ್ದವಾಗುವುದಿಲ್ಲ, ದಪ್ಪವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಪ್ರತ್ಯಕ್ಷಪ್ರಮಾಣವು ಬೇಕಿಲ್ಲ.

ಎಳೆಯ ಕಾಂಡವೊಂದನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಡುವೆ ತಿರುಳೂ, ಅದರ ಸುತ್ತ ಉಂಗುರದಂತೆ ಜೋಡಿಸಿದ ಬಿಡಿಬಿಡಿಯಾದ ನಾಳಕೂರ್ಚಗಳೂ ಕಾಣುತ್ತವೆ. ಅವರೆ, ಮಾವು, ಹಲಸು ಮುಂತಾದ ದ್ವಿದಳಸಸ್ಯಗಳಲ್ಲಿ ಇದೇ ಕ್ರಮ. ಪ್ರತಿಯೊಂದು ಕೂರ್ಚದಲ್ಲಿ ಒಳಮಗ್ಗುಲಿಗೆ ನೀರನ್ನು ಸಾಗಿಸುವ ಊತಕವೂ, ಹೊರಮಗ್ಗುಲಿಗೆ ಎಲೆಯಲ್ಲಿ ಪಕ್ವವಾದ ಆಹಾರವನ್ನು ಸಾಗಿಸುವ ಊತಕವೂ ಇರುತ್ತವೆ. ಜರ್ಮನ್ ಭಾಷೆಯಲ್ಲಿ ಬರೆದ ಸ್ವಿಸ್ ವಿದ್ವಾಂಸನಾದ ಕಾರ್ಲ್ ನೇಗೆಲಿಯು ೧೮೫೮ರಲ್ಲಿ ಇವುಗಳಿಗೆ ಕ್ರಮವಾಗಿ ಕ್ಸೈಲಂ, ಫ್ಲೋಯಂ ಎಂಬ ಹೆಸರುಗಳನ್ನು ಕೊಟ್ಟನು. ಇವುಗಳ ಮೂಲವಾದ ಗ್ರೀಕ್ ಪದಗಳಿಗೆ ಮರ, ತೊಗಟೆ ಎಂದೇ ಅರ್ಥ. ಆದಕಾರಣ ನಾವು ಅವನ್ನು ದಾರು, ವಲ್ಕ ಎಂದು ಕರೆದರೆ ಯಾವ ದೋಷವೂ ಇಲ್ಲ. ಮುಂದೆ ಹಾಗೆಯೇ ಕರೆಯುತ್ತೇವೆ.

ಈ ದಾರುವಿಗೂ ವಲ್ಕಕ್ಕೂ ನಡುವೆ ತೆಳ್ಳಗಿನ ಜೀವಕೋಶಗಳ ಒಂದು ಪಟ್ಟಿಯು ಉಳಿದಿರುತ್ತದೆ. ಗಿಡದ ಇತರ ಬಹುಪಾಲು ಕೋಶಗಳು ತಮ್ಮ ತಮ್ಮ ಕೆಲಸಕ್ಕೆ ತಕ್ಕ ರೂಪವನ್ನು ಪಡೆದು ವಿಭಜನೆಯನ್ನು ನಿಲ್ಲಿಸಿದ ಮೇಲೆಯೂ ಈ ಪಟ್ಟಿಯ ಕೋಶಗಳು ವಿಭಜಿಸುವ ಶಕ್ತಿಯನ್ನು ಬಿಟ್ಟಿರುವುದಿಲ್ಲ. ಕಾಂಡವು ದಪ್ಪವಾಗತೊಡಗಿದಾಗ ಕೂರ್ಚಗಳ ನಡುವಣ ಸಾಧಾರಣ ಕೋಶಗಳಲ್ಲಿ ಕೆಲವು ಮತ್ತೆ ಎಚ್ಚತ್ತು ವಿಭಜನೆಗೆ ತೊಡಗಿ, ಒಂದು ಕೂರ್ಚದ ಪಟ್ಟಿಯನ್ನು ಮತ್ತೊಂದರ ಪಟ್ಟಿಗೆ ಕೂಡಿಸುತ್ತವೆ. ಹೀಗೆ ಬಿಡಿಬಿಡಿಯಾದ ತುಂಡುಗಳು ಸೇರಿ ಅಖಂಡವಾದ ಒಂದು ಉಂಗುರವಾಗುತ್ತದೆ. ಕಾಂಡದ ಉದ್ದಕ್ಕೂ ಪರಿಗಣಿಸಿದರೆ ಇದು ಉಂಗುರವಲ್ಲ, ಕೊಳವೆ. ದಾರುವಿನ ಮೇಲೆ ತೊಡಿಸಿದ ಅತಿಸೂಕ್ಷ್ಮವಾದ ಒಂದು ಕವಚ. ಇದಕ್ಕೆ ಕ್ಯಾಂಬಿಯಂ ಎಂದು ಹೆಸರು. ಲ್ಯಾಟಿನ್ ಮೂಲದ ಈ ಪದಕ್ಕೆ ವಿನಿಮಯವೆಂದು ಅರ್ಥ. ಮಧ್ಯಯುಗದ ಯೂರೋಪಿನ ವೈದ್ಯರು ಶರೀರಪೋಷಕವಾದ ಒಂದು ರಸವನ್ನು ಈ ಹೆಸರಿನಿಂದ ಕರೆಯುತ್ತಿದ್ದರು; ಹದಿನೇಳನೆಯ ಶತಮಾನದಲ್ಲಿ ಆಂಗ್ಲ ವೈದ್ಯನಾದ ನೆಹಮಾಯ ಗ್ರೂ ಅದನ್ನು ಗಿಡಗಳಿಗೆ ತಂದನು. ಅದು ರಸವಲ್ಲ, ಕೋಶಗಳ ಸ್ತರ ಎಂಬ ತಿಳಿವು ಆಮೇಲೆ ಬಂದಿತು. ನಾವು ಇದನ್ನು ‘ವರ್ಧನಸ್ತರ’ವೆನ್ನೋಣ.

ವರ್ಧನಸ್ತರದ ವ್ಯಾಪಾರವು ಹೀಗಿದೆ. ಅದರ ಕೋಶವೊಂದು ಮೇಲ್ಮೈಗೆ ಸಮಾನಾಂತರವಾಗಿ ಎರಡಾಗುತ್ತದೆ. ಎರಡರಲ್ಲಿ ಒಂದು ಜನಕಕೋಶವಾಗಿಯೇ ಉಳಿಯುತ್ತದೆ. ಇನ್ನೊಂದು ಒಳಮಗ್ಗುಲಿನಲ್ಲಿದ್ದರೆ ದಾರುವಾಗುತ್ತದೆ, ಹೊರಮಗ್ಗುಲಿನಲ್ಲಿದ್ದರೆ ವಲ್ಕವಾಗುತ್ತದೆ. ದೇಹಲೀದೀಪನ್ಯಾಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೊಸ್ತಿಲಿನ ಮೇಲಿನ ಒಂದೇ ದೀಪವು ಒಳಗೂ ಹೊರಗೂ ಬೆಳಗುವಂತೆ ಒಂದೇ ಸ್ತರವು ಎರಡು ಕಡೆಗೂ ಸೃಷ್ಟಿಸುತ್ತದೆ. ಆದರೆ ಕೊಡುಗೆಯು ಸಮವಲ್ಲ. ಒಳಗೆ ಕೊಡುವ ಕೋಶಗಳು ಹೊರಗೆ ಕೊಡುವುದಕ್ಕಿಂತ ಸಾಮಾನ್ಯವಾಗಿ ಬಹುಪಾಲು ಹೆಚ್ಚು. ಅದೂ ಅಲ್ಲದೆ ಒಳಗಿನ ದಾರುವು ಗಟ್ಟಿಯಾಗಿ ನಿಂತು ರಾಶಿಯಾಗುತ್ತದೆ. ಹೊರಗಿನ ಹಳೆಯ ವಲ್ಕವು ನುಗ್ಗಾಗಿ, ಕೊನೆಗೆ ಹೊರತೊಗಟೆಯೊಡನೆ ಉದುರಿಹೋಗುತ್ತದೆ. ಆದುದರಿಂದಲೇ ನೂರು ವರ್ಷದ ಮರದಲ್ಲಿ ಮರವು ಮೊಳಗಟ್ಟಲೆಯೂ ತೊಗಟೆಯು ಅಂಗುಲಗಟ್ಟಲೆಯೂ ಇರುವುದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಒಳಗಿನ ದಾರುವು ಹೆಚ್ಚುತ್ತ ಹೋದರೆ ಅದರ ಮೇಲೆ ತೊಡಿಸಿದ ಕವಚವು ಹರಿಯಬೇಡವೆ? ಹರಿಯದು, ಏಕೆಂದರೆ ಈ ಸ್ತರವು ದಾರುವಿನ ಒತ್ತಡದಿಂದ ಹೊರಕ್ಕೆ ಸರಿಯುತ್ತ ಹೋಗುವಾಗ ಅದರ ಕೋಶಗಳು ಆಗಾಗ ಲಂಬವಾಗಿಯೂ ವಿಭಜಿಸಿ ತಮ್ಮ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತವೆ. ಬಳೆಯು ಕೈಗೆ ತಕ್ಕಂತೆ ತಾನೇ ಬೆಳೆಯುತ್ತದೆ ಎಂದು ಹೇಳಿದರೆ ಸಲ್ಲುತ್ತದೆ. ಈ ಸ್ತರದಲ್ಲಿ ಕೋಶಗಳು ಎರಡು ತೆರನಾಗಿವೆ. ಕದಿರಿನಂತೆ ಉದ್ದವಾಗಿ ಎರಡು ಕೊನೆಗಳಲ್ಲಿ ಚೂಪಾದವುಗಳಿಂದ ಮೇಲೆಕೆಳಗೆ ಸಾಗಿಸುವ ನಾಳಗಳೂ ನಾರುಗಳೂ ಹುಟ್ಟುತ್ತವೆ; ಗಿಡ್ಡವಾದವುಗಳಿಂದ ನಡುವಿನಿಂದ ಹೊರಕ್ಕೆ ಅಡ್ಡಲಾಗಿ ಹಾಯುವ ಕಿರಣಗಳು ಹುಟ್ಟಿ, ಒಳಗಿಗೂ ಹೊರಗಿಗೂ ಸಂಬಂಧವನ್ನು ಕಲ್ಪಿಸುತ್ತವೆ.

ಈ ಸ್ತರದಿಂದ ಹುಟ್ಟಿದ ಕೋಶಗಳ ಗತಿಯು ಗಮನಾರ್ಹವಾದುದು. ನಾಳವಾಗಬೇಕಾದ ದಾರುಕೋಶವು ಮೊದಲು ಹಿಗ್ಗುತ್ತದೆ. ತನ್ನ ಗೋಡೆಯನ್ನು ಲಿಗ್ನಿನ್ ಎಂಬ ಗಟ್ಟಿಯಾದ ದ್ರವ್ಯದಿಂದ ಬಲಪಡಿಸಿಕೊಳ್ಳುತ್ತದೆ. ಅನಂತರ ತನ್ನ ಜೀವದ್ರವ್ಯವನ್ನೆಲ್ಲ ತಾನೇ ಕರಗಿಸಿ ಕಳೆದುಕೊಂಡು ಸಾಯುತ್ತದೆ. ಸತ್ತ ಕೋಶಗಳು ಒಂದರ ತುದಿಗೆ ಒಂದು ತೆರೆದುಕೊಂಡು ಸೇರಿದಾಗಲೇ ಅದು ನೀರಿನ ಕೊಳವೆಯಾಗುವುದು. ಎಲೆಗಳಿಂದ ನೀರು ಆವಿಯಾಗಿ ಹೋಗುತ್ತಿರಲು, ಆ ಸೆಳೆತಕ್ಕೆ ನಾಳಗಳಲ್ಲಿನ ನೀರಿನ ಕಂಬವು ಕಡಿಯದೆ ಮೇಲೇರುತ್ತದೆಂಬ ಸಿದ್ಧಾಂತವನ್ನು ಡಿಕ್ಸನ್ ಮತ್ತು ಜೋಲಿ ಎಂಬ ಐರ್ಲೆಂಡಿನ ವಿದ್ವಾಂಸರು ೧೮೯೪ರಲ್ಲಿ ಮಂಡಿಸಿದರು. ಅದು ಇಂದಿಗೂ ಮಾನ್ಯವಾಗಿದೆ. ವಲ್ಕದ ಜರಡಿನಾಳಗಳ ಸ್ಥಿತಿಯು ಬೇರೆ. ೧೮೩೭ರಲ್ಲಿ ಥಿಯೋಡೋರ್ ಹಾರ್ಟಿಗನು ಕಂಡುಹಿಡಿದ ಈ ನಾಳಗಳ ಕೋಶಗಳು ತಮ್ಮ ಕೋಶಕೇಂದ್ರವನ್ನು ಕಳೆದುಕೊಂಡರೂ, ಪಕ್ಕದ ಸಹಚರಕೋಶಗಳ ಆಸರೆಯಿಂದ ಜೀವಂತವಾಗಿದ್ದುಕೊಂಡು ಸಕ್ಕರೆಯನ್ನು ಸಾಗಿಸುತ್ತವೆ. ಹೀಗೆ ನೀರಿನ ದಾರಿಯು ಸತ್ತವರು ಬಿಟ್ಟುಹೋದ ದಾರಿ. ಅನ್ನದ ದಾರಿಯು ಬದುಕಿರುವವರ ದಾರಿ.

ಮೊದಲಲ್ಲಿ ಹೇಳಿದ ಬಳೆಸುಲಿತದ ರಹಸ್ಯವು ಈಗ ತಿಳಿಯುತ್ತದೆ. ಇಟಲಿಯ ಮಾಲ್ಪಿಘಿಯು ೧೬೭೫ ಮತ್ತು ೧೬೭೯ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ತನ್ನ ಸಸ್ಯಶಾರೀರಗ್ರಂಥದಲ್ಲಿ, ತೊಗಟೆಯನ್ನು ಬಳೆಯಾಗಿ ಸುಲಿದರೆ ಗಾಯದ ಮೇಲಣ ಅಂಚು ಊದಿಕೊಳ್ಳುವುದನ್ನು ವರ್ಣಿಸಿದ್ದಾನೆ. ಮೇಲಿನಿಂದ ಇಳಿದುಬರುವ ಆಹಾರವು ದಾರಿ ಕಡಿದುಹೋಗಿ ಅಲ್ಲಿ ನಿಲ್ಲುವುದೇ ಇದಕ್ಕೆ ಕಾರಣ. ನೀರು ಮಾತ್ರ ಒಳಗಿನ ದಾರುವಿನಲ್ಲಿ ಏರುತ್ತಲೇ ಇರುವುದರಿಂದ ಎಲೆಗಳು ಕೂಡಲೆ ಬಾಡುವುದಿಲ್ಲ. ಅನ್ನವಿಲ್ಲದೆ ಬೇರುಗಳು ಸೊರಗುತ್ತವೆ. ಬೇರು ಸತ್ತ ಮೇಲೆ ಮರವು ಸಾಯುತ್ತದೆ. ಬ್ರಹ್ಮದೇಶದ ಅರಣ್ಯಗಳಲ್ಲಿ ತೇಗವನ್ನು ಕಡಿಯುವುದಕ್ಕೆ ಎರಡು ಮೂರು ವರ್ಷ ಮೊದಲೇ ಅದರ ಬುಡಕ್ಕೆ ಸುತ್ತಲೂ ಕಚ್ಚು ಹಾಕಿ, ನಿಂತಲ್ಲಿಯೇ ಒಣಗಿಸುವ ಪದ್ಧತಿಯಿತ್ತು. ಹಸಿಯ ತೇಗದ ದಿಮ್ಮಿಯು ನದಿಯಲ್ಲಿ ತೇಲಲಾರದು. ಅಲ್ಲಿ ತೊಗಟೆಯನ್ನಷ್ಟೇ ಸುಲಿದರೆ ಸಾಲದು. ಒಳಗಿನ ಬಿಳಿಯ ಮರವನ್ನೂ ಕೆಚ್ಚು ತಾಗುವವರೆಗೆ ಕಡಿಯಬೇಕು. ಆಗ ಅನ್ನದ ದಾರಿಯೊಡನೆ ನೀರಿನ ದಾರಿಯೂ ಕಡಿದು ಮರವು ಬೇಗನೆ ಸಾಯುತ್ತದೆ. ಕೆಚ್ಚನ್ನು ಕಡಿಯಬೇಕಾಗಿಲ್ಲವೆಂಬುದನ್ನು ಗಮನಿಸಬೇಕು. ಅದರಲ್ಲಿ ಹರಿಯುವುದೇನೂ ಇಲ್ಲ.

ಹಾಗಾದರೆ ಕೆಚ್ಚು ಎಂದರೇನು? ವರ್ಧನಸ್ತರವು ಈಚೆಗೆ ಕೊಟ್ಟ ದಾರುವು ತೊಗಟೆಯ ಸಮೀಪದಲ್ಲಿ ಬಿಳಿಚಾಗಿದ್ದು ನೀರನ್ನು ಸಾಗಿಸುತ್ತದೆ. ಅದರ ನಾಳಗಳು ಸತ್ತಿದ್ದರೂ ಕಿರಣಗಳ ಕೋಶಗಳು ಜೀವಂತವಾಗಿದ್ದು ಪಿಷ್ಟವನ್ನು ಕೂಡಿಡುತ್ತವೆ. ವರ್ಷಗಳು ಕಳೆದಂತೆ ಒಳಗಿನ ಪದರಗಳಲ್ಲಿ ಈ ಕೋಶಗಳೂ ಸಾಯುತ್ತವೆ, ಸಾಯುವುದಕ್ಕೆ ಮೊದಲು ಬಣ್ಣ, ಒಗರು, ರಾಳ, ಎಣ್ಣೆ ಮುಂತಾದ ದ್ರವ್ಯಗಳನ್ನು ಅಲ್ಲಿ ತುಂಬುತ್ತವೆ, ನಾಳಗಳು ಮುಚ್ಚಿಹೋಗುತ್ತವೆ. ಹೀಗೆ ಪೂರ್ಣವಾಗಿ ಮೃತವಾದ ದಾರುವೇ ಕೆಚ್ಚು. ಗಂಧದ ಮರದ ಪರಿಮಳವೂ ಕರಿಮರದ ಕಪ್ಪೂ ವೀಣೆಗೆ ಬಳಸುವ ಹಲಸಿನ ಹಳದಿಯೂ ಇರುವುದು ಈ ಕೆಚ್ಚಿನಲ್ಲಿಯೇ. ಹುಳುವಿಗೂ ಕೊಳೆತಕ್ಕೂ ಅದು ಬಹುಮಟ್ಟಿಗೆ ಜಗ್ಗದಿರುವುದು ಆ ದ್ರವ್ಯಗಳ ಬಲದಿಂದ. ಮರಕ್ಕೆ ಆಧಾರವಾಗಿ ನಿಲ್ಲುವುದು ಅದರ ಕೆಲಸ. ಆ ಕೆಲಸಕ್ಕೆ ಜೀವವು ಬೇಕಿಲ್ಲ. ಆದುದರಿಂದ ಪೊಟರೆ ಬಿದ್ದ ಹುಣಸೆಯು ಬಲವನ್ನು ಕಳೆದುಕೊಂಡಿದೆಯೇ ಹೊರತು ಜೀವವನ್ನಲ್ಲ. ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲಕಾಂಡವೇ ರೋಗದಿಂದ ನಾಶವಾಗಿದ್ದರೂ ಮರವು ನಿಂತಿದೆ. ದಾರದಂತೆ ಇಳಿದ ಬಿಳಲುಗಳು ಮಣ್ಣನ್ನು ಮುಟ್ಟಿದ ಮೇಲೆ ಇದೇ ವರ್ಧನಸ್ತರದ ಬಲದಿಂದ ಕಂಬಗಳಾಗಿ ಮರವನ್ನು ಹೊತ್ತಿವೆ.

ತೇಗದ ದಿಮ್ಮಿಯ ಕೊಯ್ದ ಮುಖದಲ್ಲಿ ಕಾಣುವ ಬಳೆಗಳೂ ಈ ಸ್ತರದ ಬರವಣಿಗೆಯೇ. ಬೇಸಗೆಯಲ್ಲಿ ತೇಗವು ಎಲೆಯುದುರಿಸಿ ನಿಂತಾಗ ವರ್ಧನಸ್ತರವು ಮಲಗಿರುತ್ತದೆ. ಬೆಳೆಯುವ ಕಾಲವು ಬಂದಾಗ ಎದ್ದು ಮೊದಲು ಅಗಲವಾದ ನಾಳಗಳನ್ನೂ, ಮುಂದೆ ಇಕ್ಕಟ್ಟಾದ ನಾಳಗಳನ್ನೂ ಕಟ್ಟುತ್ತದೆ. ಅಗಲವಾದವುಗಳ ಸಾಲಿನಿಂದ ವರ್ಷದ ಎಲ್ಲೆಯು ತಿಳಿಯುತ್ತದೆ. ವರ್ಷವಿಡೀ ಹಸಿರಾಗಿರುವ ಅನೇಕ ಮರಗಳಲ್ಲಿ ಈ ಎಲ್ಲೆಗಳು ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅವುಗಳ ವಯಸ್ಸನ್ನು ಬಳೆಯೆಣಿಸಿ ಹೇಳುವುದು ಸಾಧುವಲ್ಲ.

ಒಂದು ಕೋಶವು ದಾರುವಾಗಬೇಕೋ ವಲ್ಕವಾಗಬೇಕೋ ಎಂಬುದನ್ನು ನಿರ್ಣಯಿಸುವುದು ಯಾವುದು? ಚಿಗುರೆಲೆಗಳಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ದ್ರವ್ಯವು ಇದರಲ್ಲಿ ಮುಖ್ಯವಾದುದು. ೧೯೫೨ರಲ್ಲಿ ಜೇಕಬ್ಸ್ ಎಂಬ ಅಮೆರಿಕದ ವಿದ್ವಾಂಸನು ನಮ್ಮ ದೊಡ್ಡಪತ್ರೆಯ ಬಳಗದ ಕೋಲಿಯಸ್ ಗಿಡದ ಕಾಂಡದಲ್ಲಿ ಒಂದು ನಾಳಕೂರ್ಚವನ್ನು ಕಡಿದು ಪರೀಕ್ಷಿಸಿದನು. ಕಾಂಡದ ಸಾಧಾರಣ ಕೋಶಗಳೇ ರೂಪಾಂತರ ಹೊಂದಿ, ಗಾಯವನ್ನು ಬಳಸಿ ಹೊಸ ನಾಳಗಳಾದವು. ಮೇಲಿನ ಎಲೆಗಳನ್ನೂ ಕುಡಿಯನ್ನೂ ತೆಗೆದರೆ ಈ ಕಾರ್ಯವು ಕುಂದಿತು. ಅವುಗಳ ಸ್ಥಾನದಲ್ಲಿ ಆಕ್ಸಿನ್ನನ್ನು ಹಚ್ಚಿದರೆ ಮತ್ತೆ ನಡೆಯಿತು. ೨೦೦೬ರಲ್ಲಿ ಜಪಾನಿನ ವಿಜ್ಞಾನಿಗಳು, ಕೋಶಗಳು ದಾರುವಾಗುವುದನ್ನು ತಡೆಯುವ, ಹನ್ನೆರಡು ಅಮೈನೋ ಆಮ್ಲಗಳ ಒಂದು ಕಿರಿಯ ಅಣುವನ್ನು ಕಂಡುಹಿಡಿದರು. ಅದು ವಲ್ಕದ ಕಡೆಯಿಂದ ಹೊರಟು, ವರ್ಧನಸ್ತರದ ಕೋಶಗಳನ್ನು ಅವಧಿಗೆ ಮುಂಚೆ ದಾರುವಾಗಗೊಡದೆ ಕಾಯುತ್ತದೆಂದು ಮುಂದಿನ ಪರಿಶೋಧನೆಗಳಿಂದ ತಿಳಿದುಬಂದಿತು. ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಎಂಬ ಚಿಕ್ಕ ಗಿಡದಲ್ಲಿ ೨೦೧೯ರಲ್ಲಿ ನಡೆದ ಸಂಶೋಧನೆಗಳು, ಒಂದೇ ಜನಕಕೋಶವು ಎರಡು ಕಡೆಗೂ ಸಂತಾನವನ್ನು ಕೊಡುತ್ತದೆಂಬುದನ್ನು ದೃಢಪಡಿಸಿದವು.

ತೋಟಗಾರನ ಕಸಿಯೂ ಇದೇ ಶಕ್ತಿಯನ್ನು ನಂಬಿದೆ. ಮಾವಿನ ಕಸಿಯಲ್ಲಿ ಮೇಲುಕಡ್ಡಿಯ ವರ್ಧನಸ್ತರವು ಬುಡದ ಗಿಡದ ವರ್ಧನಸ್ತರಕ್ಕೆ ತಗುಲುವಂತೆ ಕೂಡಿಸಿ ಬಿಗಿಯಬೇಕು. ಎರಡರ ನಡುವೆ ಹೊಸ ನಾಳಗಳು ಬೆಸೆದರೆ ಕಸಿಯು ಹತ್ತುತ್ತದೆ. ಕೆಚ್ಚಿಗೆ ಕೆಚ್ಚನ್ನು ಎಷ್ಟು ಬಿಗಿದರೂ ಬೆಸುಗೆಯಾಗದು.

ಈ ಬಗೆಯ ವರ್ಧನಸ್ತರವಿಲ್ಲದ ಸಸ್ಯಗಳೂ ಉಂಟು. ತೆಂಗು, ಅಡಕೆ, ತಾಳೆ, ಬಿದಿರು ಮುಂತಾದ ಏಕದಳಸಸ್ಯಗಳಲ್ಲಿ ನಾಳಕೂರ್ಚಗಳು ಉಂಗುರವಾಗಿ ನಿಲ್ಲದೆ ಕಾಂಡದಲ್ಲೆಲ್ಲ ಚದುರಿರುತ್ತವೆ. ಅವುಗಳಲ್ಲಿ ಈ ಪಟ್ಟಿಯು ಉಳಿದಿರುವುದಿಲ್ಲ. ಆದುದರಿಂದ ತೆಂಗಿನ ಕಾಂಡವು ಮಾವಿನಂತೆ ವರ್ಷವರ್ಷವೂ ಬಳೆಗಟ್ಟಿ ದಪ್ಪವಾಗುವುದಿಲ್ಲ. ಹತ್ತುವವರು ಕಡಿದ ಮೆಟ್ಟಿಲಕಚ್ಚುಗಳು ಮುಚ್ಚದೆ ಹಾಗೆಯೇ ಉಳಿಯುತ್ತವೆ. ಅಮರಸಿಂಹನು ತೆಂಗು, ಅಡಕೆ, ತಾಳೆ, ಖರ್ಜೂರ, ಕೇದಗೆ ಮುಂತಾದುವನ್ನು ಒಟ್ಟುಗೂಡಿಸಿ ‘ತೃಣದ್ರುಮ’ಗಳೆಂದು ಕರೆದುದನ್ನು ಇಲ್ಲಿ ನೆನೆಯಬೇಕು. ಮರದಂತೆ ಎತ್ತರವಾದರೂ ಇವು ಹುಲ್ಲಿನ ಕಡೆಯವು ಎಂಬ ಈ ವಿಭಾಗವನ್ನು ಇಂದಿನ ಸಸ್ಯಶಾಸ್ತ್ರವೂ ಒಪ್ಪುತ್ತದೆ. ಹುಲ್ಲು, ತೆಂಗುಗಳೆರಡೂ ಏಕದಳಗಳೇ. ಬಿದಿರಿಗೆ ಅವನು ಹೇಳಿದ ‘ತ್ವಕ್ಸಾರ’ವೆಂಬ ಹೆಸರೂ ಅಷ್ಟೇ ಯಥಾರ್ಥವಾದುದು: ಅದರ ನಡುವು ಟೊಳ್ಳು, ಗಟ್ಟಿತನವೆಲ್ಲವೂ ಹೊರಮೈಯಲ್ಲಿ. ಇತರ ವೃಕ್ಷಗಳಿಗೆ ಸಾರವು ಒಳಗೆ ಇದೆಯೆಂದು ತಿಳಿದವನೇ ಬಿದಿರಿಗೆ ಈ ಹೆಸರನ್ನು ಇಡಬಲ್ಲನು.

ಹಾಗೆಂದ ಮಾತ್ರಕ್ಕೆ ವರ್ಧನಸ್ತರವೂ ಪ್ರಾಚೀನರಿಗೆ ತಿಳಿದಿತ್ತು, ಕಿನಾಟವೆಂದರೆ ಅದೇ ಎಂದು ಹೇಳಬಹುದೆ? ಸ್ಥಳವು ಬಹಳ ಸಮೀಪವಾಗಿದೆ ಎಂಬುದು ನಿಜ. ಮರಕ್ಕೆ ಅಂಟಿದ ಒಳವಲ್ಕವೆಂದೇ ಭಾಷ್ಯವು ಹೇಳುತ್ತದೆ. ಆದರೆ ಉಪನಿಷತ್ತು ಕಿನಾಟವನ್ನು ನರಕ್ಕೆ ಹೋಲಿಸುವುದು ಅದರ ಗಟ್ಟಿತನಕ್ಕಾಗಿ, ಸೃಷ್ಟಿಸುವ ಶಕ್ತಿಗಾಗಿ ಅಲ್ಲ. ವರ್ಧನಸ್ತರವಾದರೋ ಅತಿ ಮೃದುವಾದುದು. ಬೆಳೆಯುವ ಕಾಲದಲ್ಲಿ ಹಸಿಯ ತೊಗಟೆಯು ಸುಲಭವಾಗಿ ಸುಲಿದು ಬರುವುದು ಅಲ್ಲಿನ ಹೊಸ ಕೋಶಗಳು ಹರಿಯುವುದರಿಂದಲೇ. ಆದಕಾರಣ ಕಿನಾಟವೆಂದರೆ ನಾರಿನಿಂದ ಕೂಡಿದ ಒಳತೊಗಟೆ, ಎಂದರೆ ವಲ್ಕಭಾಗವೆನ್ನುವುದೇ ಯುಕ್ತ. ಪರಿಭಾಷೆಯನ್ನು ರಚಿಸುವವರು ಕ್ಯಾಂಬಿಯಮ್ಮಿಗೆ ಈ ಹೆಸರನ್ನು ಕೊಟ್ಟರೆ ವಿದ್ಯಾರ್ಥಿಯು ಎರಡು ಕಡೆಯೂ ಕೆಡುತ್ತಾನೆ: ಶಾಸ್ತ್ರದಲ್ಲಿ ಮೃದುವಾದುದನ್ನು ಗಟ್ಟಿಯೆಂದು ತಿಳಿಯುತ್ತಾನೆ, ಶ್ರುತಿಯಲ್ಲಿ ಇಲ್ಲದ ಅರ್ಥವನ್ನು ಇದೆಯೆಂದು ತಿಳಿಯುತ್ತಾನೆ. ಪ್ರಾಚೀನರು ಕಂಡುದನ್ನು ಕಂಡರೆಂದು ಹೇಳಿದರೆ ಅವರಿಗೆ ಗೌರವವು ಸಲ್ಲುತ್ತದೆ. ಕಾಣದುದನ್ನು ಆರೋಪಿಸಿದರೆ ಅವರು ನಿಜವಾಗಿ ಕಂಡುದರ ಮೇಲೂ ಲೋಕಕ್ಕೆ ನಂಬಿಕೆಯು ಉಳಿಯದು.

ಕೆಚ್ಚೆದೆ ಎಂಬ ಮಾತಿಗೆ ಇದರಿಂದ ಯಾವ ಕುಂದೂ ಬರುವುದಿಲ್ಲ. ಬಾಗದ, ಕೊಳೆಯದ, ಭಾರವನ್ನು ಹೊರುವ ಗುಣವನ್ನು ನೋಡಿ ನಮ್ಮ ಭಾಷೆಯು ಆ ಪದವನ್ನು ವೀರನ ಎದೆಗೆ ಅನ್ವಯಿಸಿತು. ಜೀವವೆಂದು ಅದು ಎಂದೂ ಹೇಳಿರಲಿಲ್ಲ, ಹೇಳಿದವರು ಅರ್ಥ ಹೇಳುವ ನಾವು. ಇನ್ನು ಮುಂದೆ ಪಾಠದಲ್ಲಿ ಆ ಪದವು ಬಂದಾಗ, ಕೆಚ್ಚು ಎಂದರೆ ಜೀವವು ದಾಟಿಹೋದ ಮೇಲೂ ಮರವನ್ನು ನಿಲ್ಲಿಸಿರುವ ಬಲವೆಂದೂ, ಜೀವವು ತೊಗಟೆಗೂ ಮರಕ್ಕೂ ನಡುವೆ ಉಗುರಿನ ಗಾಯಕ್ಕೂ ತಾಳಲಾರದ ಒಂದು ಪೊರೆಯಲ್ಲಿ ನಡೆಯುತ್ತಿದೆಯೆಂದೂ ಹೇಳಿದರೆ ಅರ್ಥವು ಶಾಸ್ತ್ರಕ್ಕೂ ಕಾವ್ಯಕ್ಕೂ ಒಪ್ಪುತ್ತದೆ.